ಒಂಬತ್ತು ಸ್ಟೋನ್ ಮರಳು

ಕೊನೆಯ ಚೀಲವನ್ನೂ ತೂಕದ ಯಂತ್ರದ ಮೇಲೆ ಏರಿಸಿ ಲೆನಾರ್ಡ್ ಯಾಪ್ ಕನ್ನಡಕ ಸರಿಮಾಡಿಕೊಂಡ. ಮುಳ್ಳು ನಿಂತ ಜಾಗ ನೋಡಿ ಅವನಿಗೆ ನಂಬಿಕೆ ಬರಲಿಲ್ಲ. ಚೀಲಗಳನ್ನೆಲ್ಲ ಇಳಿಸಿ, ಸೊಂಟ ಹಿಡಿದುಕೊಂಡು, ಮತ್ತೆ ಒಂದೊಂದಾಗಿ ಏರಿಸಿದ.

ಮುಳ್ಳು ಮತ್ತೆ ಅಲ್ಲೇ ಬಂದು ನಿಂತಿತು. ಒಂಬತ್ತು ಸ್ಟೋನ್, ಅಂದರೆ ಐವತ್ತೇಳು ಕಿಲೋ.

"ನೈಜೆಲ್, ಸ್ವಲ್ಪ ಬಾರೋ ಇಲ್ಲಿ."

ಗ್ಯಾರೇಜಿನ ಬಾಗಿಲಲ್ಲಿ ಮಗ ಕಾಣಿಸಿಕೊಂಡ. ಕೈಯಲ್ಲಿ ಅರ್ಧ ತಿಂದ ಪೋರ್ಕ್ ಪೈ. ಅಪ್ಪ ಪೊಲೀಸ್ ಕೆಲಸದಿಂದ ನಿವೃತ್ತನಾಗಿ, ಅವನ ಕಣ್ಣಿಗೆ ಪೊರೆ ಬಂದ ಮೇಲೆ ಅವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಊರೂರು ಸುತ್ತಿಸುವುದು ನೈಜೆಲ್‌ನ ಪಾಲಿಗೆ ಬಂದಿತ್ತು.

"ಡೆಸ್ ಎಷ್ಟು ತೂಗ್ತಿದ್ದ?"

"ಹದಿನಾರು ಸ್ಟೋನ್ ಅಂತ ಅವರೇ ಹೇಳ್ಕೋತಿದ್ರು. ಅದೂ ಊಟಕ್ಕೆ ಮುಂಚೆ. ಯಾಕಪ್ಪ?"

"ಈ ಚೀಲ ಎಲ್ಲಾ ಸೇರಿದ್ರೂ ಒಂಬತ್ತೇ ಬರ್ತಿದೆ."

ನೈಜೆಲ್ ಅಗಿಯುವುದನ್ನು ನಿಲ್ಲಿಸಿ ಚೀಲಗಳ ಕಡೆ ನೋಡಿದ. "ಇಲಿ ಕಚ್ಚಿರುತ್ತೆ ಬಿಡು. ಮರಳು ಸೋರಿಹೋಗಿರುತ್ತೆ."

ಯಾಪ್ ನೆಲ ನೋಡಿದ. ಡೆಸ್ಮಂಡ್ ಪಾರ್ಜೆಟರ್‌ನ ಗ್ಯಾರೇಜಿನ ನೆಲದ ಮೇಲೆ ಎಲೆ ಹಾಕದೆ ಊಟ ಮಾಡಬಹುದಿತ್ತು. ಎಲ್ಲೂ ಒಂದು ಕಾಳು ಮರಳಿರಲಿಲ್ಲ.

"ಸರಿ, ನೀನು ನಿನ್ನ ಕ್ರಿಕೆಟ್ ಕೇಳು ಹೋಗು," ಎಂದ.

ಹೋದ ಶನಿವಾರ, ಕಾರುಗಳನ್ನು ಗುಡ್ಡ ಹತ್ತಿಸುವ ಸ್ಪರ್ಧೆಯ ಅಭ್ಯಾಸದ ಓಟದಲ್ಲಿ ಡೆಸ್‌ನ ಕಾರಿನ ಬ್ರೇಕ್ ಪೆಡಲ್ ಮುರಿದು, ಸ್ಮಿಥಿ ತಿರುವಿನಲ್ಲಿ ಕಾರು ನೇರ ಹೋಗಿ ಓಕ್ ಮರಕ್ಕೆ ಬಡಿದು ಅವನು ಸತ್ತಿದ್ದ. ಭಾರ ಕಡಿಮೆ ಮಾಡಲೆಂದು ಯಾರೋ ಕೊರೆದ ತೂತಿನಲ್ಲೇ ಪೆಡಲ್ ಮುರಿದಿತ್ತು. ಪೊಲೀಸರು ಡೆಸ್‌ನ ಮೆಕ್ಯಾನಿಕ್ ಗೆಥಿನ್ ಮ್ಯಾಡಾಕ್ಸ್‌ನನ್ನು ಹಿಡಿದು ಒಳಗಿಟ್ಟಿದ್ದರು. ನಾಳೆ ಬೆಳಿಗ್ಗೆ ಸಾವಿನ ವಿಚಾರಣೆ. ತಾನು ಆ ಪೆಡಲನ್ನು ಮುಟ್ಟಿಲ್ಲ ಎಂದು ಗೆಥಿನ್ ಬಡಕೊಳ್ಳುತ್ತಿದ್ದ. ಅವನ ಹೆಂಡತಿ ಯಾಪ್‌ನ ಅಡುಗೆಮನೆಯಲ್ಲಿ ಕೂತು ಅತ್ತು ಹೋಗಿದ್ದಳು. ಬೇರೆ ಯಾರು ಕೊರೆದರೆಂದು ಇವತ್ತು ಗೊತ್ತಾಗದಿದ್ದರೆ ನಾಳೆ ಗೆಥಿನ್‌ನ ಕಥೆ ಮುಗಿದಂತೆ.

ಆ ಕಾರೋ, ಅರವತ್ತರ ದಶಕದ ಟಾರ್ಬಕ್ ಸಿಕ್ಸ್. ನೋಡಲು ಚೆಲುವೆ, ಓಡಿಸಲು ಹೋದರೆ ಗೂಳಿ. ಉದ್ದ ಮೂಗು, ಅದರೊಳಗೆ ಲಾರಿಗೆ ಹಾಕಬಹುದಾದಂಥ ಎಂಜಿನ್. ತಿರುವಿನಲ್ಲಿ ಸ್ಟೀರಿಂಗ್ ಎಳೆದು ಎಳೆದು ರಟ್ಟೆ ಬಿದ್ದುಹೋಗಬೇಕು. ಕ್ಲಬ್ಬಿನವರು ಅದಕ್ಕೆ ದಪ್ಪ ಆಗ್ನೆಸ್ ಎಂದು ಹೆಸರಿಟ್ಟಿದ್ದರು.

ಕಳೆದ ಚಳಿಗಾಲವಿಡೀ ಡೆಸ್ ಮತ್ತು ಗೆಥಿನ್ ಸೇರಿ ಆಗ್ನೆಸ್‌ಳ ಮೈ ಇಳಿಸಿದ್ದರು. ಉಕ್ಕಿನ ಬಾನೆಟ್ ಹೋಗಿ ಅಲ್ಯೂಮಿನಿಯಂ ಬಂತು. ಮುಂದಿದ್ದ ಬ್ಯಾಟರಿ ಸೀಟಿನ ಹಿಂದೆ ಹೋಯಿತು. ಬಂಪರ್, ಹೀಟರ್, ಸ್ಟೆಪ್ನಿ ಎಲ್ಲ ಗ್ಯಾರೇಜಿನ ಮೂಲೆ ಸೇರಿದವು. ಇದೆಲ್ಲ ಸರಿ, ವೇಗದ ಹುಚ್ಚಿದ್ದವರು ಮಾಡುವುದೇ. ಯಾಪ್‌ಗೆ ಅರ್ಥವಾಗದೇ ಉಳಿದದ್ದು ಸ್ಟೀರಿಂಗ್. ಡೆಸ್ ಅದನ್ನೂ ಬಿಚ್ಚಿ, ಒಂದೇ ಕೈಯಲ್ಲಿ ತಿರುಗಿಸುವಷ್ಟು ಹಗುರ ಮಾಡಿದ್ದ. ಆಗ್ನೆಸ್ ಜೊತೆ ಕುಸ್ತಿ ಆಡುವುದೇ ತನಗೆ ಸುಖ ಎನ್ನುತ್ತಿದ್ದವನು ಅವನು. ಅವನಿಗೇಕೆ ಬೇಕಾಯಿತು ಹಗುರ ಸ್ಟೀರಿಂಗ್?

ಈಗ ಈ ಮರಳು ಬೇರೆ.

ಇಂಥ ಕಾರನ್ನು ತಿರುವಿಗೆ ಒಗ್ಗಿಸುವಾಗ ನಾಲ್ಕು ಚಕ್ರವನ್ನೂ ನಾಲ್ಕು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಚಾಲಕನ ತೂಕದಷ್ಟು ಮರಳು ಚೀಲಗಳನ್ನು ಅವನ ಸೀಟಿನಲ್ಲಿ ಕೂರಿಸುತ್ತಾರೆ. ಆಮೇಲೆ ಒಂದೊಂದೇ ಸ್ಪ್ರಿಂಗನ್ನು ಏರಿಸಿ ಇಳಿಸಿ ನಾಲ್ಕೂ ಚಕ್ರಕ್ಕೆ ಭಾರ ಹಂಚುತ್ತಾರೆ. ದರ್ಜಿ ಅಳತೆ ತೆಗೆದ ಹಾಗೆ, ಯಾರ ಮೈಗೆ ಚೀಲ ಇಟ್ಟರೋ ಅವರ ಮೈಗೇ ಕಾರು ಕೂರುತ್ತದೆ.

ಡೆಸ್ ಆಗ್ನೆಸ್‌ಳನ್ನು ಹೊಲಿದದ್ದು ತನಗಾಗಿ ಅಲ್ಲ. ಒಂಬತ್ತು ಸ್ಟೋನ್ ತೂಗುವ ಇನ್ಯಾರಿಗೋ.

ಗೂಟದಲ್ಲಿ ಡೆಸ್‌ನ ಹಳೇ ಕೋಟು ತೂಗುತ್ತಿತ್ತು. ಯಾಪ್ ಅದರ ತೋಳು ಮುಟ್ಟಿದ. ಎಣ್ಣೆ, ಪುದಿನ ಮಿಠಾಯಿ, ಡೆಸ್‌ನ ವಾಸನೆ. ಅರ್ಧ ಆಯಸ್ಸು ಒಟ್ಟಿಗೆ ಗುಡ್ಡದ ಬುಡದಲ್ಲಿ ಬೇಕನ್ ರೊಟ್ಟಿ ತಿಂದವರು. ಈಗ ಇದನ್ನು ಕೇಳೋಣವೆಂದರೆ ಅವನೇ ಇಲ್ಲ.

ಆಗ ಹಿಂಬಾಗಿಲ ಬೀಗದಲ್ಲಿ ಕೀಲಿ ತಿರುಗಿತು.

ಒಳಗೆ ಬಂದವಳು ಸಣ್ಣ ಮೈಕಟ್ಟಿನ ಹೆಂಗಸು. ಮಳೆಕೋಟಿನ ಕೆಳಗೆ ಫ್ಯಾಕ್ಟರಿಯ ನೀಲಿ ಬಟ್ಟೆ. ನೇರ ಹೋಗಿ ಡ್ರಿಲ್ ಯಂತ್ರದ ಪಕ್ಕದ ಖಾನೆ ಎಳೆದು, ಒಂದು ಕೊರೆಯುವ ಕಡ್ಡಿ ತೆಗೆದು ಜೇಬಿಗೆ ಹಾಕಿಕೊಂಡಳು. ಹುಡುಕಲಿಲ್ಲ, ತಡವರಿಸಲಿಲ್ಲ.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀಯ ಹೆಸ್ಟರ್?"

ಅವಳು ಬೆಚ್ಚಿ ತಿರುಗಿದಳು. ಡೆಸ್‌ನ ಒಬ್ಬಳೇ ಮಗಳು. ಅಪ್ಪನ ಮೇಲೆ ಮುನಿಸಿಕೊಂಡು ಎಂಟು ವರ್ಷದಿಂದ ಈ ಕಡೆ ತಲೆ ಹಾಕಿರಲಿಲ್ಲ.

"ಲೆನ್ ಅಂಕಲ್. ನೀವಿಲ್ಲಿರ್ತೀರ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಬರ್ತಿರ್ಲಿಲ್ಲ."

"ಇಲ್ಲ. ನಿಮ್ಮ ಮುಖ ನೋಡೋ ಧೈರ್ಯ ನಂಗಿಲ್ಲ."

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ತೂಕ ಎಷ್ಟಮ್ಮ?"

"ಹೆಂಗಸರನ್ನ ಹಾಗೆಲ್ಲ ಕೇಳ್ಬಾರ್ದು ಅಂತ ಆಂಟಿ ನಿಮಗೆ ಹೇಳಿಕೊಟ್ಟಿಲ್ವಾ?" ಎಂದು ನಗಲು ಹೋದಳು. ಆಗಲಿಲ್ಲ. ಅವಳ ಕಣ್ಣು ಚೀಲಗಳ ಮೇಲೆ ಬಿತ್ತು. "ಒಂಬತ್ತು. ಅಪ್ಪ ಹೇಗೆ ಅಂದಾಜು ಮಾಡಿದ್ನೋ. ನಾನು ಈ ಮನೆ ಬಿಟ್ಟೇ ಎಂಟು ವರ್ಷ ಆಗಿತ್ತು."

ಯಾಪ್ ಮರದ ಪೆಟ್ಟಿಗೆಯ ಮೇಲೆ ಕೂತ. ಎಂಟು ವರ್ಷದ ಹಿಂದಿನ ಆ ದಿನ ಅವನೂ ಅಲ್ಲೇ ಇದ್ದ. ಹೆಸ್ಟರ್ ಅದೇ ಸ್ಮಿಥಿ ತಿರುವಿನಲ್ಲಿ ಆಗ್ನೆಸ್‌ಳನ್ನು ಮಣ್ಣಿನ ದಿಬ್ಬಕ್ಕೆ ಹತ್ತಿಸಿದ್ದಳು. ಯಾರಿಗೂ ಏಟಾಗಿರಲಿಲ್ಲ. ಆದರೆ ಡೆಸ್ ಹೆದರಿ ಹೋಗಿದ್ದ, ಹೆದರಿದಾಗ ಅವನ ಬಾಯಿ ಕೆಟ್ಟದು. ನೆರೆದವರೆಲ್ಲರ ಮುಂದೆ, "ಈ ಕಾರು ನಿನ್ನ ಕೈಗೆ ಭಾರ, ಇಳಿ," ಎಂದಿದ್ದ. ಹೆಸ್ಟರ್ ಇಳಿದು, ಹೆಲ್ಮೆಟ್ ಹುಲ್ಲಿನ ಮೇಲಿಟ್ಟು, ಬಸ್ ನಿಲ್ದಾಣಕ್ಕೆ ನಡೆದು ಹೋದವಳು ತಿರುಗಿ ಬಂದಿರಲಿಲ್ಲ. ಅವಳನ್ನು ಮದುವೆಯಾಗುತ್ತಾನೆಂದು ಎಲ್ಲರೂ ಅಂದುಕೊಂಡಿದ್ದ ನೈಜೆಲ್‌ನನ್ನೂ ಹಾಗೇ ಬಿಟ್ಟು ಹೋಗಿದ್ದಳು.

"ಫೆಬ್ರವರೀಲಿ ನಮ್ಮ ಫ್ಯಾಕ್ಟರಿ ಗೇಟಿಗೆ ಬಂದಿದ್ದ," ಎಂದಳು ಹೆಸ್ಟರ್. "ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. ‘ಭಾರ ಇಳಿಸಿದೀನಿ, ಬಂದು ನೋಡು’ ಅಂದ. ಅಷ್ಟೇ. ಕ್ಷಮಿಸು ಗಿಮಿಸು ಏನೂ ಇಲ್ಲ. ನಾನು ಮಾತಾಡ್ದೆ ಬಸ್ ಹತ್ತಿದೆ."

"ಆ ಮಾತು ಅವನಿಗೆ ಬಾಯಲ್ಲಿ ಬರ್ತಿರ್ಲಿಲ್ಲ ಮಗು. ಸ್ಪ್ಯಾನರ್ ಹಿಡಿದು ಹೇಳೋಕೆ ಬರ್ತಿತ್ತು."

"ಗೊತ್ತು. ಇಲ್ಲಿ ಬಂದ ಮೇಲೆ ಗೊತ್ತಾಯ್ತು."

ಒಂದು ಭಾನುವಾರ, ಡೆಸ್ ಪ್ರಾರ್ಥನೆಗೆ ಹೋಗಿದ್ದಾಗ, ಅವಳು ಹಳೆಯ ಕೀಲಿ ಹಾಕಿಕೊಂಡು ಕಳ್ಳಿಯ ಹಾಗೆ ಒಳಗೆ ಬಂದಿದ್ದಳು. ಸೀಟಿನಲ್ಲಿ ಮರಳು ಚೀಲಗಳು ಕೂತಿದ್ದವು. ಅವನ್ನಿಳಿಸಿ ತಾನು ಕೂತು ಸ್ಟೀರಿಂಗ್ ತಿರುಗಿಸಿ ನೋಡಿದಳಂತೆ. ಅದು ಬೆಣ್ಣೆಯ ಹಾಗೆ ತಿರುಗಿತಂತೆ. ಇಡೀ ಚಳಿಗಾಲ ಅಪ್ಪ ಮಾಡಿದ್ದೇನೆಂದು ಅವಳಿಗೆ ಅಲ್ಲಿ ಕೂತು ಅರ್ಥವಾಯಿತು.

"ಅತ್ತುಬಿಟ್ಟೆ. ಮನಸಾರೆ ಅತ್ತೆ. ಆಮೇಲೆ ಬ್ರೇಕ್ ಪೆಡಲ್ ಬಿಚ್ಚಿ ಕೊರೆದೆ."

ಹೊರಗೆ ವ್ಯಾನಿನ ರೇಡಿಯೋದಲ್ಲಿ ಯಾರೋ ಔಟಾದ ಗದ್ದಲ ಕೇಳಿ ಅಡಗಿತು.

"ನೀನಾ?"

"ಗೆಥಿನ್ ಅಲ್ಲ ಅಂಕಲ್, ನಾನೇ. ಈ ಕಡ್ಡಿ ನಾಳೆ ಕೋರ್ಟಿನಲ್ಲಿ ತೋರಿಸ್ಬೇಕು ಅಂತಲೇ ತಗೊಂಡೆ. ಅಪ್ಪನ್ನ ಕೊಂದವಳು ನಾನು."

ಯಾಪ್‌ಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಅದೇ ಕ್ಷಣದಲ್ಲಿ ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳಬೇಕೆಂದೂ ಅನಿಸಿತು. ಚಿಕ್ಕವಳಿದ್ದಾಗ ಹಾಗೆ ಕೂರಿಸಿಕೊಂಡವನೇ ಅವನು.

"ಏನು ಬೇಕಾದ್ರೂ ಕೊರೀರಿ, ಬ್ರೇಕ್ ಪೆಡಲ್ ತಂಟೆಗೆ ಹೋಗ್ಬೇಡಿ ಅಂತ ನಿಮ್ಮಪ್ಪ ಕಂಡಕಂಡವರಿಗೆ ಹೇಳ್ತಿದ್ದ. ನಿಂಗೆ ಗೊತ್ತಿತ್ತಲ್ಲೇ."

"ಗೊತ್ತಿತ್ತು. ಅದಕ್ಕೇ. ಬೇರೆ ಯಾವುದನ್ನ ಕೊರೆದ್ರೂ ಗೆಥಿನ್ ಮಾಡಿದಾನೆ ಅಂದ್ಕೋತಿದ್ದ. ಅದನ್ನ ಮುಟ್ಟೋ ಪೊಗರು ಈ ಮನೇಲಿ ಒಬ್ಬಳಿಗೇ ಇರೋದು. ನಾನು ಬಂದಿದ್ದೆ ಅಂತ ಅವನಿಗೆ ತಿಳೀಲಿ ಅಂತ ಕೊರೆದೆ."

"ತಿಳೀತಾ?"

"ಅವತ್ತು ರಾತ್ರೀನೇ ಫೋನ್ ಮಾಡಿದ. ‘ಹೆಸ್, ತೂತಿನ ಗೆರೆ ನೇರ ಇದೆ ಕಣೆ’ ಅಂದ. ಇನ್ನೊಂದು ಮಾತಿಲ್ಲ, ಫೋನಿಟ್ಟುಬಿಟ್ಟ." ಅವಳು ಮೂಗೊರೆಸಿಕೊಂಡಳು. "ಆಮೇಲೆ ನಾನೇ ಮಾಡಿದೆ. ಶನಿವಾರ ಇಬ್ಬರೂ ಓಡಿಸೋಣ ಅಂತ ಆಯ್ತು. ಮೊದಲು ಅವನು, ಆಮೇಲೆ ನಾನು. ಬೆಳಿಗ್ಗೆ ಅಲ್ಲೇ ಹೆಸರು ಸೇರಿಸಿದ್ರಾಯ್ತು, ಎಲ್ಲರ ಬಾಯಿ ಮುಚ್ಚಿಸೋಣ ಅಂದ."

ಮೊದಲು ಅವನು. ಯಾಪ್‌ಗೆ ಆ ಮಾತಿನ ಅರ್ಥ ತಿಳಿದಿತ್ತು. ಒಂದೇ ಕಾರನ್ನು ಇಬ್ಬರು ಓಡಿಸುವಾಗ ಮೊದಲು ಹೋಗುವವರಿಗೆ ತಣ್ಣನೆಯ ಟೈರು, ರಸ್ತೆ ಹಿಡಿಯುವುದಿಲ್ಲ. ಎರಡನೆಯವರಿಗೆ ಬಿಸಿ ಟೈರು. ಯಾರು ಗೆಲ್ಲಬೇಕೆಂದು ಮನಸ್ಸಿದೆಯೋ ಅವರನ್ನು ಹಿಂದೆ ಬಿಟ್ಟು ತಾವು ಮುಂದೆ ಹೋಗುವುದು ಆ ಗುಡ್ಡದವರ ಪದ್ಧತಿ. ಡೆಸ್ ತನ್ನ ಜನ್ಮದಲ್ಲಿ ಯಾರಿಗೂ ಬಿಸಿ ಟೈರು ಬಿಟ್ಟುಕೊಟ್ಟವನಲ್ಲ. ಯಾಪ್‌ಗಂತೂ ಒಂದು ಸಲವೂ ಇಲ್ಲ.

"ನಂಗೆ ಟೈರ್ ಬಿಸಿ ಮಾಡಿಕೊಡೋಕೆ ಹೋದ ಅಂಕಲ್," ಎಂದಳು ಹೆಸ್ಟರ್. "ನಾನು ಬರೋದು ತಡ ಆಯ್ತು. ಕಿರುದಾರಿ ತುಂಬ ಗಾಡಿ. ಹೊಲದ ಗೇಟಿನ ಹತ್ರ ಇದ್ದೆ, ಆಗ್ನೆಸ್ ಹತ್ತೋ ಸದ್ದು ಕೇಳಿಸ್ತು. ಆಮೇಲೆ ನಿಂತ್ಹೋಯ್ತು. ಸ್ಪೀಕರಲ್ಲಿ ಮಾತಾಡ್ತಿದ್ದವನೂ ಮಾತು ನಿಲ್ಲಿಸಿಬಿಟ್ಟ. ನಾನು ಹಾಗೇ ತಿರುಗಿ ಓಡಿಹೋದೆ."

ಯಾಪ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಳುವುದಕ್ಕೆ ನಾಚಲಿಲ್ಲ. ಅವನ ಗೆಳೆಯ ಮಗಳನ್ನು ಗೆಲ್ಲಿಸಲು ಹೋಗಿ ಸತ್ತಿದ್ದ. ಅದನ್ನು ಈ ಹುಡುಗಿ ನಾಳೆ ಕೋರ್ಟಿನಲ್ಲಿ ನಿಂತು ಹೇಳಬೇಕಿತ್ತು, ಆಮೇಲೆ ಇಡೀ ಬದುಕು ಹೊತ್ತುಕೊಂಡು ತಿರುಗಬೇಕಿತ್ತು.

ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಮುರಿದ ಪೆಡಲಿನ ಕೆಳತುಂಡು. ನಿನ್ನೆ ತಿರುವಿನ ಚರಂಡಿಯಲ್ಲಿ, ಪೊಲೀಸರ ಬೂಟಿಗೆ ಸಿಗದೆ, ಹುಲ್ಲಿನ ಅಡಿಯಲ್ಲಿ ಅವನಿಗೆ ಸಿಕ್ಕಿತ್ತು. ಮೇಲಿನ ತುಂಡು ಪೊಲೀಸರ ಬಳಿ ಇತ್ತು. ಇದನ್ನು ಅವನು ಮಗನಿಗೂ ತೋರಿಸಿರಲಿಲ್ಲ. ನೈಜೆಲ್ ಕ್ಲಬ್ಬಿನ ತಪಾಸಣೆಯವನು. ಓಟದ ಬೆಳಿಗ್ಗೆ ಬಗ್ಗಿ ನೋಡಿ, ಸರಿಯಿದೆ ಎಂದು ಆಗ್ನೆಸ್‌ಗೆ ಚೀಟಿ ಅಂಟಿಸಿದವನು. ಪೆಡಲಿನಲ್ಲಿ ತೂತಿರುವುದೇ ತನಗೆ ಗೊತ್ತಿರಲಿಲ್ಲ, ಕಾಲಿಡುವ ಜಾಗ ಕತ್ತಲಾಗಿತ್ತು ಎಂದು ಪೊಲೀಸರ ಮುಂದೆ ಹೇಳಿ, ವಾರವೆಲ್ಲ ನಿದ್ದೆ ಬಿಟ್ಟಿದ್ದ. ಅವನಿಗೆ ಇನ್ನಷ್ಟು ನೋವು ಬೇಡವೆಂದು ಯಾಪ್ ಬಚ್ಚಿಟ್ಟಿದ್ದ.

"ನೋಡಿ ಹೇಳು. ಇದು ನಿನ್ನ ಕೆಲಸಾನಾ?"

ಹೆಸ್ಟರ್ ಅದನ್ನು ಮುಟ್ಟಲು ಹಿಂಜರಿದಳು. ಆಮೇಲೆ ತೆಗೆದುಕೊಂಡು, ಹೆಬ್ಬೆರಳನ್ನು ಒಂದೊಂದೇ ತೂತಿನ ಅಂಚಿನ ಮೇಲೆ ಆಡಿಸಿದಳು.

"ಇದು ನಂದು. ಇದೂ ನಂದು. ಇದೂ." ಬೆರಳು ಮೇಲೆ ಹೋಯಿತು, ಪೆಡಲ್ ಮುರಿದ ಕಡೆಗೆ. ಅಲ್ಲಿ ಅರ್ಧ ತೂತು ಮಾತ್ರ ಉಳಿದಿತ್ತು. ಅವಳು ಚಟ್ಟನೆ ಕೈ ಹಿಂದೆಳೆದುಕೊಂಡಳು. ಹೆಬ್ಬೆರಳಲ್ಲಿ ರಕ್ತ ಜಿನುಗಿತು.

"ಏನಾಯ್ತು?"

ಅವಳು ತುಂಡನ್ನು ಕಿಟಕಿಯ ಬೆಳಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದಳು. ಜೇಬಿನಿಂದ ಕಡ್ಡಿ ತೆಗೆದು ಆ ಅರ್ಧ ತೂತಿನೊಳಗೆ ಕೂರಿಸಲು ನೋಡಿದಳು. ಕಡ್ಡಿ ಸಡಿಲವಾಗಿ ಅಲ್ಲಾಡಿತು.

"ಅಂಕಲ್, ನಾನು ಕೊರೆದದ್ದು ಮೂರು."

"ಇದು?"

"ಇದು ನಂದಲ್ಲ. ಇದು ದೊಡ್ಡದು. ಅಂಚು ನೋಡಿ, ಬ್ಲೇಡ್ ಇದ್ದ ಹಾಗಿದೆ. ತೂತು ಕೊರೆದ ಮೇಲೆ ಎರಡೂ ಕಡೆ ಅಂಚು ಉಜ್ಜಿ ನುಣುಪು ಮಾಡ್ಬೇಕು, ಇಲ್ಲಾಂದ್ರೆ ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ಅಪ್ಪ ನಂಗೆ ಮೊದಲು ಕಲಿಸಿದ್ದೇ ಅದು. ಉಜ್ಜದೆ ಬಿಟ್ರೆ ಬೆರಳ ಗಂಟಿಗೆ ಹೊಡೀತಿದ್ದ." ಅವಳ ದನಿ ಏರುತ್ತಿತ್ತು. "ಜಾಗ ನೋಡಿ. ಪೆಡಲ್ ತೂಗೋ ಕೀಲಿನ ಪಕ್ಕ. ತುಳಿದಾಗ ಎಲ್ಲಾ ಭಾರ ಬೀಳೋದೇ ಅಲ್ಲಿ. ನಾನು ಅದಕ್ಕೇ ಮೂರನ್ನೂ ಕೆಳಗೇ ಕೊರೆದದ್ದು. ಇಲ್ಲಿ ಯಾರೂ ತಪ್ಪಿ ಕೊರೆಯಲ್ಲ. ಮುರೀಲಿ ಅಂತಲೇ ಕೊರೆದಿರೋದು."

ಯಾಪ್‌ಗೆ ಎದೆಯ ಮೇಲಿನ ಕಲ್ಲೊಂದು ಸರಿದ ಹಾಗಾಯಿತು. ಎದ್ದು ಬಂದು ಅವಳ ಭುಜ ಹಿಡಿದ.

"ನೀನು ಕೊಂದಿಲ್ಲ ಮಗು. ಕೇಳಿಸ್ತಾ? ನೀನಲ್ಲ."

ಅವಳು ಅವನನ್ನು ನೋಡಿದ ನೋಟದಲ್ಲಿ ಸಮಾಧಾನವಿರಲಿಲ್ಲ.

"ಅಪ್ಪ ಪ್ರತಿ ಓಟಕ್ಕೂ ಮುಂಚೆ ಟಾರ್ಚ್ ಹಿಡಿದು ಪೆಡಲ್ ನೋಡ್ತಿದ್ದ ಅಂಕಲ್. ಅದರಲ್ಲಿ ಒಂದು ತೂತು ಕಂಡಿದ್ರೂ ಕಾರು ಹತ್ತುತ್ತಿರ್ಲಿಲ್ಲ. ಶನಿವಾರ ತೂತು ಕಂಡಿರುತ್ತೆ. ಮಗಳ ಕೆಲಸ ಅಂತ ನಕ್ಕಿರ್ತಾನೆ. ಎಣಿಸಿರಲ್ಲ." ಅವಳು ತುಂಡನ್ನು ಎದೆಗೆ ಒತ್ತಿಕೊಂಡಳು. "ನನ್ನ ಮೂರು ಇಲ್ದಿದ್ರೆ ಅದು ಅವನ ಕಣ್ಣಿಗೆ ಬೀಳ್ತಿತ್ತು."

ಅವಳು ಅಳುವಷ್ಟು ಹೊತ್ತು ಯಾಪ್ ಅವಳ ತಲೆ ತನ್ನ ಭುಜಕ್ಕೆ ಆನಿಸಿಕೊಂಡು ನಿಂತ. ಆದರೆ ನಲವತ್ತು ವರ್ಷ ಪೊಲೀಸ್ ಕೆಲಸ ಮಾಡಿದ ತಲೆ ಸುಮ್ಮನಿರಲಿಲ್ಲ. ಆ ನಾಲ್ಕನೆಯದನ್ನು ಕೊರೆದವನಿಗೆ ಹೆಸ್ಟರಳ ಮೂರರ ವಿಷಯ ಗೊತ್ತಿರಬೇಕು. ಡೆಸ್ ಅವನ್ನು ಕಂಡು ಗಾಬರಿಯಾಗುವುದಿಲ್ಲ ಎಂದೂ ಗೊತ್ತಿರಬೇಕು.

"ಹೆಸ್ಟರ್, ನಿನ್ನ ಮೂರು ತೂತಿನ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ಅಪ್ಪ ಗೆಥಿನ್‌ಗೂ ಹೇಳಿರ್ಲಿಲ್ಲ."

"ನೀನು ಯಾರಿಗೂ ಹೇಳ್ಲಿಲ್ವಾ?"

ಅವಳು ತಲೆ ಎತ್ತಿದಳು. "ನಿಮ್ಮನೆಗೆ ಫೋನ್ ಮಾಡಿದ್ದೆನಲ್ಲ. ಶುಕ್ರವಾರ ಸಂಜೆ. ನೈಜೆಲ್ ತಗೊಂಡ, ನೀವು ಮನೇಲಿಲ್ಲ ಅಂದ. ಅವನಿಗೇ ಎಲ್ಲಾ ಹೇಳಿದೆ. ನಾಳೆ ನಾನೂ ಓಡಿಸ್ತೀನಿ, ಪೆಡಲಲ್ಲಿ ಮೂರು ತೂತಿದೆ, ಗಟ್ಟಿಯಾಗಿದೆ, ಅದನ್ನ ನೋಡಿ ಕಾರು ಫೇಲ್ ಮಾಡ್ಬೇಡ ಅಂತ. ನಕ್ಕ. ನಿಮಗೆ ತಾನೇ ಹೇಳ್ತೀನಿ ಅಂದ. ಯಾಕೆ, ಹೇಳ್ಲಿಲ್ವಾ?"

ಶುಕ್ರವಾರ ರಾತ್ರಿ ಸ್ಪರ್ಧೆಯ ಕಾರುಗಳೆಲ್ಲ ಗುಡ್ಡದ ಬುಡದ ಬಯಲಿನಲ್ಲಿ ಬೀಗದೊಳಗಿದ್ದವು. ಆ ಬೀಗದ ಕೀಲಿ ಯಾರ ಬಳಿ ಇತ್ತೆಂದು ಯಾಪ್ ಯಾರನ್ನೂ ಕೇಳಬೇಕಾಗಿರಲಿಲ್ಲ. ತಪಾಸಣೆಗೆಂದು ನೈಜೆಲ್ ತಂದಿಟ್ಟ ಅದು ಅವನ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

"ಹೇಳಿದ್ದ," ಎಂದ ಯಾಪ್. "ಮರೆತಿದ್ದೆ. ನೀನು ಇಲ್ಲೇ ಇರು."

ಹೊರಗೆ ತಿಳಿಬಿಸಿಲು. ಯಾಪ್ ವ್ಯಾನಿನ ಬಳಿ ಹೋಗಿ ನಿಂತ. ನೈಜೆಲ್ ಫ್ಲಾಸ್ಕಿನಿಂದ ಲೋಟಕ್ಕೆ ಟೀ ಬಗ್ಗಿಸುತ್ತಿದ್ದ.

"ಏನಾದ್ರೂ ಸಿಕ್ತಾ?"

"ನೋಡ್ಬೇಕು. ಶುಕ್ರವಾರ ಸಂಜೆ ಮನೆಗೆ ಹೆಸ್ಟರ್ ಫೋನ್ ಮಾಡಿದ್ಲಾ?"

ಮಗನ ಕೈ ಅಲುಗಲಿಲ್ಲ. ಲೋಟ ತುಂಬಿಸಿ, ಅಪ್ಪನಿಗೆ ಬೇಕಾದಷ್ಟು ಸಕ್ಕರೆ ಹಾಕಿ, ಕಲಸಿ, ಬಿಸಿಯಿದೆ ಹುಷಾರು ಎಂದು ಹೇಳಿ ಕೈಗೆ ಕೊಟ್ಟ.

"ಹೆಸ್ಟರಾ? ಇಲ್ಲಪ್ಪ. ಎಂಟು ವರ್ಷದಿಂದ ಅವಳ ದನೀನೇ ಕೇಳಿಲ್ಲ ನಾನು."

ಅಲ್ಲೇ ಇರು ಎಂದು ಯಾಪ್ ಹೇಳಿದ್ದನ್ನು ಹೆಸ್ಟರ್ ಯಾವತ್ತು ಕೇಳಿದ್ದಳು? ಅವನ ಬೆನ್ನ ಹಿಂದೆ ಗ್ಯಾರೇಜಿನ ಬಾಗಿಲು ಸರಿದ ಸದ್ದಾಯಿತು, ಹೆಸ್ಟರಳ ಹೆಜ್ಜೆಗಳು ಜಲ್ಲಿಯ ಮೇಲೆ ಬಂದು ನಿಂತವು. ಯಾಪ್ ತಿರುಗಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಬರೀ ಆಶ್ಚರ್ಯ ಕಾಣಿಸಲಿ, ಇನ್ನೇನೂ ಬೇಡ ಎಂದು ದೇವರನ್ನು ಬೇಡಿಕೊಂಡ.

ನೈಜೆಲ್ ರೇಡಿಯೋ ಆರಿಸಿ ವ್ಯಾನಿನ ಕೀಲಿ ತಿರುಗಿಸಿದ.

"ವ್ಯಾನ್ ಹತ್ತು ಅಪ್ಪ," ಎಂದ ಮೆಲ್ಲಗೆ. "ಅವಳು ಹತ್ರ ಬರೋದ್ರೊಳಗೆ ಹತ್ತು."